ಪುಟ್ಟಿ ಮೆತ್ತಬೇಡಿ, ತಗಡು ಬದಲಿಸಿ

ಕರಾವಳಿಯಲ್ಲಿ ಹಳೇ ಪಿಕಪ್ ಇಟ್ಟುಕೊಂಡವರಿಗೆ ಇದು ಗೊತ್ತಿದ್ದದ್ದೇ. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಕಾಲಡಿಯ ತಗಡು ಮಾತ್ರ ತುಕ್ಕು ಹಿಡಿದು ಉದುರುತ್ತದೆ. ಉಪ್ಪು ಗಾಳಿ ಒಂದು ಕಡೆ, ಮಳೆಗಾಲವಿಡೀ ಒಣಗದ ರಬ್ಬರ್ ಮ್ಯಾಟ್ ಇನ್ನೊಂದು ಕಡೆ. ನಮ್ಮ ಗಾಡಿಯ ಮ್ಯಾಟ್ ಎತ್ತಿದರೆ ಕ್ಲಚ್ ಪೆಡಲ್ ಕೆಳಗೆ ರಸ್ತೆಯೇ ಕಾಣುತ್ತಿತ್ತು. ಇಂಥ ತೂತಿಗೆ ಪುಟ್ಟಿ ಮೆತ್ತದೆ, ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವುದು ಹೀಗೆ.

ಮೊದಲು ಬ್ಯಾಟರಿ ಕಳಚಿ. ಸೀಟು, ಮ್ಯಾಟ್ ತೆಗೆಯಿರಿ. ಅಡಿಯಲ್ಲಿರುವ ವೈರು, ಬ್ರೇಕ್ ಪೈಪು, ಡೀಸೆಲ್ ಪೈಪುಗಳನ್ನು ದೂರ ಸರಿಸಿ. ಟ್ಯಾಂಕ್ ಹತ್ತಿರವಿದ್ದರೆ ಇಳಿಸಿಯೇ ಬಿಡಿ. ಒಂದು ಬಕೆಟ್ ನೀರು, ಜೊತೆಗೊಬ್ಬರು ಇರಲಿ. ಗಾಡಿಯ ಬೆನ್ನೆಲುಬಾದ ಚಾಸಿಯಲ್ಲೇ ತೂತು ಬಿದ್ದಿದ್ದರೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ.

ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಬೊದ್ ಎನ್ನುತ್ತದೆ. ತೂತು ರೂಪಾಯಿಯಗಲ ಕಂಡರೂ ತುಕ್ಕು ಅಂಗೈಯಗಲ ಇರುತ್ತದೆ. ಗ್ರೈಂಡರ್‌ನಲ್ಲಿ ಉಜ್ಜಿದಾಗ ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಿ. ಜಿಪುಣತನ ಬೇಡ.

ರಟ್ಟಿನಲ್ಲಿ ಅಳತೆ ತೆಗೆದು 18 ಗೇಜ್ ತಗಡು, ಅಂದರೆ ಸುಮಾರು 1.2 ಮಿ.ಮೀ. ದಪ್ಪದ್ದು, ಕತ್ತರಿಸಿಕೊಳ್ಳಿ. ಮೂಲೆಗಳು ದುಂಡಗಿರಲಿ. ತುಕ್ಕು ಹಿಡಿಯಲ್ಲ ಅಂತ ಸತುವು ಲೇಪಿಸಿದ ಜಿಐ ಶೀಟ್ ತರುವವರಿದ್ದಾರೆ. ಬೇಡವೇ ಬೇಡ. ವೆಲ್ಡಿಂಗ್ ಬಿಸಿಗೆ ಅದರ ಸತುವು ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದರೆ ಚಳಿಜ್ವರ ಗ್ಯಾರಂಟಿ.

ಎಲ್ಲರೂ ಎಡವುವುದು ವೆಲ್ಡಿಂಗ್‌ನಲ್ಲಿ. ಗೇಟು ಮಾಡುವ ರಾಡ್ ಮಷಿನ್ ಇಷ್ಟು ತೆಳು ತಗಡಿಗೆ ಆಗಿಬರುವುದಿಲ್ಲ, ಸುಮ್ನೆ ತೂತು ದೊಡ್ಡದಾಗುತ್ತದೆ. ರಾಡ್ ಬದಲು ತೆಳು ವೈರ್ ಕರಗಿಸಿ ಬೆಸೆಯುವ ಸಿಒಟು (ಮಿಗ್) ವೆಲ್ಡಿಂಗ್ ಮಷಿನ್ ಬಾಡಿಗೆಗೆ ತನ್ನಿ, 0.8 ಮಿ.ಮೀ. ವೈರ್ ಹಾಕಿ. ಮೊದಲು ನಾಲ್ಕು ಮೂಲೆಗೆ ಒಂದೊಂದು ಚುಕ್ಕಿ ವೆಲ್ಡಿಂಗ್. ಆಮೇಲೆ ಈ ಬದಿಗೊಂದು, ಎದುರು ಬದಿಗೊಂದು. ಪ್ರತಿ ಚುಕ್ಕಿಯಾದ ಮೇಲೂ ತಣಿಯಲು ಬಿಡಿ. ಚುಕ್ಕಿಗಳ ನಡುವೆ ಇಂಚಿನಷ್ಟು ಜಾಗ ಉಳಿದ ಮೇಲೆ ಮತ್ತೆ ಮೊದಲಿನಿಂದ, ನಡುನಡುವೆ ತುಂಬುತ್ತಾ ಬನ್ನಿ. ಒಂದು ಪ್ಯಾಚಿಗೆ ಅರ್ಧ ದಿನ ಹೋದರೆ ಹೋಗಲಿ. ಊಟಕ್ಕೆ ಹೊತ್ತಾಯಿತೆಂದು ನಾನೊಮ್ಮೆ ನಾಲ್ಕಿಂಚು ಒಂದೇ ಎಳೆಯಲ್ಲಿ ಎಳೆದುಬಿಟ್ಟೆ. ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ತಗಡು ಸೊಟ್ಟಗಾಯಿತು. ಕಾಲಿಟ್ಟಾಗಲೆಲ್ಲ ಟಕ್, ಟಕ್. ಪೂರ್ತಿ ಕತ್ತರಿಸಿ ಮತ್ತೆ ಹಾಕಬೇಕಾಯಿತು.

ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಗಾಡಿಯೊಳಗೆ ಉಳಿದ ನಾರು, ಬಟ್ಟೆಯಲ್ಲಿ ಕಿಡಿ ಅಡಗಿ ಕೂತಿರಬಹುದು.

ಉಜ್ಜಿ ನಯ ಮಾಡಿ. ಮೇಲೂ ಕೆಳಗೂ ಎಪಾಕ್ಸಿ ಪ್ರೈಮರ್, ಜೋಡಣೆಯ ಗೆರೆಗೆ ಸೀಲರ್, ಆಮೇಲೆ ಬಣ್ಣ. ಪುಟ್ಟಿ ಬೇಕಿದ್ದರೆ ಹೊರಗೆ ಕಾಣುವ ಕಡೆ ತೆಳ್ಳಗೆ ಸಾಕು. ತುಕ್ಕಿನ ಮೇಲೆ ಮೆತ್ತಿದ ಪುಟ್ಟಿ ನೀರು ಕುಡಿದು ಮುಂದಿನ ಮಳೆಗೆ ಎದ್ದು ಬರುತ್ತದೆ. ಇನ್ನು ಗಾಡಿಯ ಕೆಳಗೆ ಎಂಜಿನ್ನಿನ ಸುಟ್ಟ ಆಯಿಲ್ ಬಳಿಯುವ ಚಾಳಿ ಇದೆಯಲ್ವಾ, ಆ ಆಯಿಲ್ ಅಡಿಯ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳನ್ನು ಊದಿಸಿ ಹಾಳು ಮಾಡುತ್ತದೆ.

ನೀರಿಳಿಯುವ ತೂತುಗಳನ್ನು ಮುಚ್ಚಬೇಡಿ. ಮ್ಯಾಟನ್ನು ಅಂಟಿಸಲೂ ಬೇಡಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಒಣಗಿಸಬೇಕು.