ಚುಕ್ಕಿ, ಕಾಮಾ ಅದಲುಬದಲಾಗಿ ಲೆಕ್ಕ ಕೆಟ್ಟರೆ ಸರಿಮಾಡುವುದು ಹೇಗೆ?

ಎಕ್ಸೆಲ್‌ನಲ್ಲಿ ಕಾಲಂ ತುಂಬ ಅಂಕಿಗಳಿವೆ. ಕೆಳಗೆ ಸಮ್ ಹಾಕಿದರೆ ಸೊನ್ನೆ ಬರುತ್ತದೆ. ಇಲ್ಲವೇ ಏನೋ ಒಂದು ಮೊತ್ತ ಬರುತ್ತದೆ, ಆದರೆ ನಂಬುವ ಹಾಗಿರುವುದಿಲ್ಲ. ಫಾರ್ಮುಲಾವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ತಪ್ಪು ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಕಂಪ್ಯೂಟರ್‌ನ ರೀಜನ್ ಸೆಟ್ಟಿಂಗ್ ಮೇಲೆ, ಅಂದರೆ ಅಂಕಿ, ತಾರೀಖುಗಳನ್ನು ಯಾವ ದೇಶದ ಪದ್ಧತಿಯಲ್ಲಿ ಓದಬೇಕು ಎನ್ನುವ ಆಯ್ಕೆಯ ಮೇಲೆ.

ಒಂದೇ ಸಂಖ್ಯೆಯನ್ನು ಅಮೆರಿಕದಲ್ಲಿ 1,234.56 ಎಂದು ಬರೆದರೆ ಜರ್ಮನಿಯಲ್ಲಿ 1.234,56 ಎಂದು ಬರೆಯುತ್ತಾರೆ. ಫ್ರಾನ್ಸ್‌ನಲ್ಲಿ ಸಾವಿರದ ನಂತರ ಜಾಗ ಬಿಟ್ಟು 1 234,56 ಎನ್ನುತ್ತಾರೆ. ಸ್ವಿಟ್ಜರ್ಲೆಂಡ್‌ನಲ್ಲಿ ಆ ಜಾಗಕ್ಕೆ ಮೇಲ್ಗಡೆ ಒಂದು ಸಣ್ಣ ಗೀಟು ಬರುತ್ತದೆ: 1'234.56. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ 2003ರಲ್ಲಿ ಒಂದು ನಿರ್ಣಯ ಮಾಡಿತು. ದಶಮಾಂಶಕ್ಕೆ ಚುಕ್ಕಿಯಾದರೂ ಸರಿ, ಕಾಮಾ ಆದರೂ ಸರಿ. ಆದರೆ ದೊಡ್ಡ ಸಂಖ್ಯೆಯನ್ನು ಬಿಡಿಸಿ ಬರೆಯಲು ಇವೆರಡನ್ನೂ ಬಳಸಬೇಡಿ, ಜಾಗ ಬಿಡಿ ಎಂದಿತು. ಒಳ್ಳೆಯ ಮಾತು. ಆದರೆ ನಮ್ಮ ಕೈಗೆ ಬರುವ ಫೈಲುಗಳು ಹಾಗೆ ಇರುವುದಿಲ್ಲ ಅಲ್ವಾ?

ಏನಾಗುತ್ತದೆ ಎಂದು ಮೂರೇ ಸಾಲಿನಲ್ಲಿ ನೋಡೋಣ. ಜರ್ಮನಿಯ ಪದ್ಧತಿಯಲ್ಲಿ ಬರೆದ ಮೂರು ಮೊತ್ತಗಳಿವೆ: 1.234,56 ಮತ್ತು 1.234 ಮತ್ತು 12,500. ನಿಜವಾದ ಬೆಲೆ ಸಾವಿರದ ಇನ್ನೂರ ಮೂವತ್ನಾಲ್ಕು ಚಿಲ್ಲರೆ, ಸಾವಿರದ ಇನ್ನೂರ ಮೂವತ್ನಾಲ್ಕು, ಹನ್ನೆರಡೂವರೆ. ಕೂಡಿದರೆ 2481.06 ಬರಬೇಕು. ಇದನ್ನು ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್‌ಗೆ ಸುಮ್ನೆ ಪೇಸ್ಟ್ ಮಾಡಿ. ಮೊದಲನೆಯದು ಅದಕ್ಕೆ ಅರ್ಥವಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಎರಡನೆಯದು ಒಂದು ಚಿಲ್ಲರೆ ಆಗುತ್ತದೆ. ಮೂರನೆಯದು ಹನ್ನೆರಡೂವರೆ ಸಾವಿರ ಆಗುತ್ತದೆ. ಮೊತ್ತ 12501.234!

ಇಲ್ಲಿ ಅಕ್ಷರವಾಗಿ ಉಳಿದ ಮೊದಲ ಸೆಲ್ ಅಷ್ಟು ಅಪಾಯದ್ದಲ್ಲ. ಅದು ಎಡಕ್ಕೆ ಅಂಟಿಕೊಂಡು ತನ್ನನ್ನು ತಾನೇ ತೋರಿಸಿಕೊಡುತ್ತದೆ. ಉಳಿದೆರಡು ಬಲಗಡೆ ನೀಟಾಗಿ ಕೂತಿರುತ್ತವೆ. ಸಾವಿರ ಪಟ್ಟು ತಪ್ಪಾಗಿದ್ದರೂ ಎಕ್ಸೆಲ್ ಎಚ್ಚರಿಕೆ ಕೊಡುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ ತಪ್ಪುಗಳನ್ನು ಮಾತ್ರ ಒಂದೊಂದಾಗಿ ತಿದ್ದುತ್ತಾ ಹೋಗಬೇಡಿ. ಮೂಲ ಫೈಲ್‌ಗೆ ವಾಪಸ್ ಹೋಗಿ ಇಡೀ ಕಾಲಂ ಮತ್ತೆ ತರುವುದೇ ಸರಿ.

ಮೊದಲು: ಸೇವ್ ಮಾಡಬೇಡಿ

ಸಿಎಸ್‌ವಿ ಫೈಲ್ ಅನ್ನು (ಕಾಮಾದಂಥ ಗುರುತಿನಿಂದ ಬೇರೆ ಮಾಡಿ ಅಂಕಿಗಳನ್ನು ಬರೆದಿಟ್ಟ ಬರೀ ಟೆಕ್ಸ್ಟ್ ಫೈಲ್) ಡಬಲ್ ಕ್ಲಿಕ್ ಮಾಡಿ ತೆರೆದಿದ್ದರೆ ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದರೆ ಎಕ್ಸೆಲ್ ತಪ್ಪಾಗಿ ಓದಿದ್ದೇ ಫೈಲ್‌ನಲ್ಲಿ ಉಳಿದುಬಿಡುತ್ತದೆ. ಆಮೇಲೆ ಆ ಫೈಲ್‌ನಿಂದ ಮೂಲ ಅಂಕಿ ಸಿಗುವುದಿಲ್ಲ.

ಅದು ಸಂಖ್ಯೆಯೋ, ಅಕ್ಷರವೋ?

ಸೆಲ್‌ನ ಅಲೈನ್‌ಮೆಂಟ್ ತೆಗೆದುಹಾಕಿ. ಸಂಖ್ಯೆ ಬಲಕ್ಕೆ ಹೋಗುತ್ತದೆ, ಅಕ್ಷರ ಎಡಕ್ಕೆ ಬರುತ್ತದೆ. ಖಚಿತವಾಗಬೇಕಾದರೆ ಪಕ್ಕದ ಕಾಲಂನಲ್ಲಿ ಈಸ್‌ನಂಬರ್ ಫಂಕ್ಷನ್ ಹಾಕಿ ಕೆಳಗಿನವರೆಗೂ ಎಳೆಯಿರಿ. ಫಾಲ್ಸ್ ಬಂದ ಸಾಲುಗಳೆಲ್ಲ ಅಕ್ಷರಗಳು. ಬಹಳ ಜನ ಇಲ್ಲಿ ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ ನಂಬರ್ ಆರಿಸಿ, ಏನೂ ಬದಲಾಗಲಿಲ್ಲ ಎಂದು ಕೂರುತ್ತಾರೆ. ಆಗುವುದೇ ಇಲ್ಲ. ಸಂಖ್ಯೆ ಹೇಗೆ ಕಾಣಬೇಕು ಎಂದು ಹೇಳುವುದಷ್ಟೇ ಫಾರ್ಮ್ಯಾಟ್ ಕೆಲಸ. ಅಕ್ಷರವನ್ನು ಸಂಖ್ಯೆ ಮಾಡಲು ಅದಕ್ಕೆ ಬರುವುದಿಲ್ಲ.

ನಿಮ್ಮ ಯಂತ್ರ ಯಾವ ಪದ್ಧತಿಯಲ್ಲಿ ಓದುತ್ತಿದೆ?

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನಲ್ ತೆರೆದು, ರೀಜನ್ ಆರಿಸಿ, ಅಡಿಷನಲ್ ಸೆಟ್ಟಿಂಗ್ಸ್ ಒತ್ತಿ. ದಶಮಾಂಶದ ಗುರುತು, ಸಾವಿರದ ಗುರುತು, ಲಿಸ್ಟ್ ಸೆಪರೇಟರ್ (ಪಟ್ಟಿಯಲ್ಲಿ ಒಂದರಿಂದ ಇನ್ನೊಂದನ್ನು ಬೇರೆ ಮಾಡುವ ಗುರುತು) ಎಲ್ಲವೂ ಅಲ್ಲಿವೆ. ಮಾಮೂಲಿಯಾಗಿ ಎಕ್ಸೆಲ್ ಇದನ್ನೇ ಪಾಲಿಸುತ್ತದೆ. ಲಕ್ಷ, ಕೋಟಿಯ ಲೆಕ್ಕದಲ್ಲಿ 12,34,567 ಎಂದು ಕಾಣಬೇಕೋ, ಮಿಲಿಯನ್ ಲೆಕ್ಕದಲ್ಲಿ 1,234,567 ಎಂದು ಕಾಣಬೇಕೋ ಎನ್ನುವುದನ್ನೂ ಅಲ್ಲಿನ ಡಿಜಿಟ್ ಗ್ರೂಪಿಂಗ್‌ನಲ್ಲಿ ಆರಿಸಬಹುದು. ಅಂಕಿಗಳು ಇದ್ದಕ್ಕಿದ್ದಂತೆ ಬೇರೆ ಲಿಪಿಯಲ್ಲಿ ಕಾಣತೊಡಗಿದ್ದರೆ ಅದೇ ಜಾಗದಲ್ಲಿ ಯೂಸ್ ನೇಟಿವ್ ಡಿಜಿಟ್ಸ್ ಎನ್ನುವುದನ್ನು ನೋಡಿ.

ಇಲ್ಲಿ ರೀಜನ್ ಅನ್ನೇ ಬದಲಾಯಿಸಬಹುದು. ನಾನು ಮಾತ್ರ ಬೇಡ ಎನ್ನುತ್ತೇನೆ. ಒಂದು ಫೈಲ್‌ಗಾಗಿ ಇಡೀ ಕಂಪ್ಯೂಟರ್‌ನ ಲೆಕ್ಕದ ಪದ್ಧತಿ ಬದಲಾಯಿಸಿದರೆ ನಾಳೆ ಇನ್ನೊಂದು ಫೈಲ್ ಕೆಡುತ್ತದೆ. ಎಕ್ಸೆಲ್ ಒಂದಕ್ಕೇ ಬದಲಾವಣೆ ಸಾಕೆಂದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ. ಯೂಸ್ ಸಿಸ್ಟಮ್ ಸೆಪರೇಟರ್ಸ್ ಎಂಬಲ್ಲಿನ ಟಿಕ್ ತೆಗೆದು ಬೇಕಾದ ಗುರುತು ಹಾಕಿ. ಈಗಾಗಲೇ ಕೆಟ್ಟಿರುವ ಸೆಲ್‌ಗಳು ಇದರಿಂದ ಸರಿಯಾಗುವುದಿಲ್ಲ ಎನ್ನುವುದು ನೆನಪಿರಲಿ.

ಸರಿಯಾಗಿ ಒಳಗೆ ತರುವುದು

ಖಾಲಿ ಕಾಲಂ ಆರಿಸಿ ಅದರ ಫಾರ್ಮ್ಯಾಟ್ ಅನ್ನು ಮೊದಲೇ ಟೆಕ್ಸ್ಟ್ ಮಾಡಿ. ಆಮೇಲೆ ಮೂಲ ಫೈಲ್‌ನ ಅಂಕಿಗಳನ್ನು ಬರೀ ಟೆಕ್ಸ್ಟ್ ಆಗಿ ಪೇಸ್ಟ್ ಮಾಡಿ. ಈಗ ಎಕ್ಸೆಲ್ ತನ್ನ ಪಾಡಿಗೆ ಏನನ್ನೂ ಊಹಿಸುವುದಿಲ್ಲ. ನಂತರ ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ. ಡಿಲಿಮಿಟೆಡ್ ಆರಿಸಿ, ಎರಡನೇ ಹಂತದಲ್ಲಿ ಕಾಮಾ ಮತ್ತು ಸ್ಪೇಸ್‌ಗೆ ಟಿಕ್ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಮೂರನೇ ಹಂತದಲ್ಲಿ ಅಡ್ವಾನ್ಸ್ಡ್ ಎಂಬ ಬಟನ್ ಇದೆ, ಬಹಳ ಜನ ಗಮನಿಸುವುದೇ ಇಲ್ಲ. ಅಲ್ಲಿ ದಶಮಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕಿ ಎಂದು ಹೇಳಿ ಮುಗಿಸಿ. ಮೇಲಿನ ಮೂರು ಸಾಲು ಈಗ 2481.06 ಕೊಡುತ್ತವೆ.

ಫಾರ್ಮುಲಾದಿಂದ ಮಾಡುವುದಾದರೆ ಎಕ್ಸೆಲ್ 2013ರಿಂದ ನಂಬರ್‌ವ್ಯಾಲ್ಯೂ ಎಂಬ ಫಂಕ್ಷನ್ ಇದೆ. ಅದಕ್ಕೆ ಕ್ರಮವಾಗಿ ಸೆಲ್, ದಶಮಾಂಶದ ಗುರುತು, ಸಾವಿರದ ಗುರುತು ಕೊಡಬೇಕು. ಪ್ರತಿ ತಿಂಗಳೂ ಅದೇ ಥರದ ಫೈಲ್ ಬರುತ್ತಿದ್ದರೆ ಎಕ್ಸೆಲ್‌ನಲ್ಲೇ ಇರುವ, ಡೇಟಾ ಒಳಗೆ ತರುವ ಸಾಧನ ಪವರ್ ಕ್ವೆರಿಯೇ ವಾಸಿ. ಕಾಲಂನ ಚೇಂಜ್ ಟೈಪ್ ಅಡಿಯಲ್ಲಿ ಯೂಸಿಂಗ್ ಲೊಕೇಲ್ ಆರಿಸಿ, ಫೈಲ್ ಯಾವ ದೇಶದ್ದು ಎಂದು ಒಮ್ಮೆ ಹೇಳಿದರೆ ಮುಂದಿನ ಸಲ ರಿಫ್ರೆಶ್ ಒತ್ತಿದರೆ ಸಾಕು.

ಫ್ರೆಂಚ್ ಫೈಲುಗಳಲ್ಲಿ ಇನ್ನೊಂದು ಕಾಟ. ನಡುವಿನ ಜಾಗ ನಾವು ಸ್ಪೇಸ್ ಬಾರ್‌ನಿಂದ ಒತ್ತುವ ಜಾಗವೇ ಅಲ್ಲ. ಹೆಚ್ಚಾಗಿ ಅದು 160ನೇ ನಂಬರಿನ ಅಕ್ಷರ, ಕೆಲವೊಮ್ಮೆ ಯೂನಿಕೋಡ್‌ನ 8239. ಹೆಚ್ಚುವರಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್ ಅದನ್ನು ಮುಟ್ಟುವುದಿಲ್ಲ. ಸೆಲ್ ಒಳಗಿನ ಆ ಜಾಗವನ್ನೇ ಕಾಪಿ ಮಾಡಿ, ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಹಾಕಿ, ಬದಲಿಗೆ ಏನೂ ಬರೆಯದೆ ರಿಪ್ಲೇಸ್ ಆಲ್ ಕೊಡಿ. ಟೆಕ್ಸ್ಟ್ ಟು ಕಾಲಮ್ಸ್‌ಗೆ ಮೊದಲೇ ಇದನ್ನು ಮಾಡಿಬಿಡಿ.

ತಾರೀಖು ಇನ್ನೂ ಜಾಸ್ತಿ ಮೋಸ ಮಾಡುತ್ತದೆ

03/04/2024 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗ್‌ಗೆ ಮಾರ್ಚ್ 4. ಎಕ್ಸೆಲ್ ಒಳಗೆ ತಾರೀಖೂ ಒಂದು ಸಂಖ್ಯೆಯೇ. ಮೊದಲನೆಯದು 45385, ಎರಡನೆಯದು 45355. ಹನ್ನೆರಡು ದಾಟಿದ ದಿನ, ಅಂದರೆ 25/04/2024, ಅಮೆರಿಕದ ಸೆಟ್ಟಿಂಗ್‌ನಲ್ಲಿ ಅಕ್ಷರವಾಗಿ ಉಳಿಯುತ್ತದೆ. ಹೀಗೆ ಒಂದೇ ಕಾಲಂನಲ್ಲಿ ಅರ್ಧ ತಾರೀಖು ಎಡಕ್ಕೆ, ಅರ್ಧ ಬಲಕ್ಕೆ ಕಂಡರೆ ತಿಳಿದುಕೊಳ್ಳಿ: ಬಲಗಡೆ ಇರುವವುಗಳಲ್ಲೇ ತಿಂಗಳು, ದಿನ ತಿರುವುಮುರುವಾಗಿವೆ. ಎಡಗಡೆಯವನ್ನಷ್ಟೇ ತಿದ್ದಿದರೆ ತಪ್ಪು ಶಾಶ್ವತವಾಗಿ ಹೂತುಹೋಗುತ್ತದೆ. ಇದಕ್ಕೂ ಮೂಲದಿಂದ ಟೆಕ್ಸ್ಟ್ ಆಗಿ ತಂದು, ಟೆಕ್ಸ್ಟ್ ಟು ಕಾಲಮ್ಸ್‌ನ ಮೂರನೇ ಹಂತದಲ್ಲಿ ಡೇಟ್ ಆರಿಸಿ, ದಿನ-ತಿಂಗಳು-ವರ್ಷ ಎಂಬ ಕ್ರಮ ಕೊಡಬೇಕು.

ತಾನಾಗಿಯೇ ತಾರೀಖು ಮಾಡುವ ಈ ಚಾಳಿ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ಎಕ್ಸೆಲ್ ಕೆಲವು ಜೀನ್‌ಗಳ ಹೆಸರನ್ನು ಮಾರ್ಚ್, ಸೆಪ್ಟೆಂಬರ್ ತಾರೀಖುಗಳಾಗಿ ಬದಲಿಸುತ್ತಿತ್ತು. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಿದ ಸಂಗತಿ ಪ್ರಕಟವಾಯಿತು.

ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್

ಎಕ್ಸೆಲ್‌ನಲ್ಲಿ ಸೆಟ್ಟಿಂಗ್ ಕಂಪ್ಯೂಟರ್‌ಗೆ ಸೇರಿದ್ದು, ಗೂಗಲ್ ಶೀಟ್ಸ್‌ನಲ್ಲಿ ಅದು ಫೈಲ್‌ಗೆ ಸೇರಿದ್ದು. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಬದಲಿಸಿದರೆ ಆ ಫೈಲ್ ನೋಡುವ ಎಲ್ಲರಿಗೂ ಬದಲಾಗುತ್ತದೆ. ಇದನ್ನೇ ಉಪಯೋಗಕ್ಕೆ ಹಚ್ಚಬಹುದು. ಹೊಸ ಶೀಟ್ ತೆರೆದು ಲೊಕೇಲ್ ಜರ್ಮನಿ ಮಾಡಿ, ಅಂಕಿಗಳನ್ನು ಪೇಸ್ಟ್ ಮಾಡಿ, ಆಮೇಲೆ ನಿಮ್ಮ ಲೊಕೇಲ್‌ಗೆ ವಾಪಸ್ ಬನ್ನಿ. ಸಂಖ್ಯೆ ಸಂಖ್ಯೆಯಾಗಿಯೇ ಉಳಿದು, ಕಾಣುವ ರೀತಿ ಮಾತ್ರ ಬದಲಾಗುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್ ಸಿಎಸ್‌ವಿ ತೆರೆಯುವಾಗಲೇ ಯಾವ ಭಾಷೆಯದ್ದು ಎಂದು ಆರಿಸಲು ಬಿಡುತ್ತದೆ. ಈ ವಿಷಯದಲ್ಲಿ ನನಗೆ ಅದೇ ಇಷ್ಟ.

ಫಾರ್ಮುಲಾ ಒಪ್ಪದಿದ್ದರೆ

ಬೇರೆಯವರಿಂದ ಕಾಪಿ ಮಾಡಿದ ಫಾರ್ಮುಲಾ ಎರರ್ ತೋರಿಸಿದರೆ ಒಳಗಿನ ಕಾಮಾಗಳ ಬದಲು ಸೆಮಿಕೋಲನ್ ಹಾಕಿ ನೋಡಿ. ದಶಮಾಂಶಕ್ಕೆ ಕಾಮಾ ಬಳಸುವ ಕಡೆ ಎಕ್ಸೆಲ್ ಸಾಮಾನ್ಯವಾಗಿ ಸೆಮಿಕೋಲನ್ ಕೇಳುತ್ತದೆ. ತಾರೀಖನ್ನೋ ಸಂಖ್ಯೆಯನ್ನೋ ಬೇಕಾದ ರೂಪದಲ್ಲಿ ಬರೆದುಕೊಡುವ ಟೆಕ್ಸ್ಟ್ ಫಂಕ್ಷನ್ ಬಳಸಿದ್ದರೆ ಇನ್ನೂ ಜೋಪಾನ. ವರ್ಷಕ್ಕೆ ಇಂಗ್ಲಿಷ್‌ನಲ್ಲಿ ವೈ ಅಕ್ಷರ ಬರೆದಿರುತ್ತೇವೆ, ಜರ್ಮನ್ ಸೆಟ್ಟಿಂಗ್‌ನಲ್ಲಿ ಅದಕ್ಕೆ ಜೆ ಬೇಕು. ಕೋಟ್ ಒಳಗಿನ ಆ ಅಕ್ಷರವನ್ನು ಎಕ್ಸೆಲ್ ತಾನಾಗಿ ಬದಲಿಸುವುದಿಲ್ಲ.

ನೀವು ಕಳಿಸುವಾಗ

ಬೇರೆ ದೇಶದವರಿಗೆ ಫೈಲ್ ಕಳಿಸುವುದಾದರೆ ಸಿಎಸ್‌ವಿ ಬದಲು ಎಕ್ಸೆಲ್ ಫೈಲನ್ನೇ ಕಳಿಸಿ. ಅದರೊಳಗೆ ಸಂಖ್ಯೆಗಳು ಯಾವ ದೇಶದ ಪದ್ಧತಿಗೂ ಅಂಟದೆ ಇರುತ್ತವೆ, ತೆರೆದವರ ಸೆಟ್ಟಿಂಗ್‌ನಂತೆ ಕಾಣುತ್ತವೆ. ಸಿಎಸ್‌ವಿಯೇ ಬೇಕೆಂದರೆ ಸಾವಿರದ ಗುರುತನ್ನು ಪೂರ್ತಿ ಬಿಟ್ಟುಬಿಡಿ. ತಾರೀಖನ್ನು 2024-04-03 ಎಂದು ವರ್ಷದಿಂದ ಶುರುಮಾಡಿ ಬರೆಯಿರಿ. ದಶಮಾಂಶಕ್ಕೆ ಯಾವ ಗುರುತು ಬಳಸಿದ್ದೀರಿ ಎಂದು ಮೇಲ್‌ನಲ್ಲಿ ಒಂದು ಸಾಲು ಸೇರಿಸಿ, ಜೊತೆಗೆ ಸರಿಯಾದ ಒಟ್ಟು ಮೊತ್ತವನ್ನೂ ಬರೆಯಿರಿ. ತೆರೆದವರು ತಮ್ಮ ಮೊತ್ತವನ್ನು ಅದರ ಜೊತೆ ತಾಳೆ ನೋಡಿಕೊಳ್ಳುತ್ತಾರೆ.