ಸೂಜಿ ಬಿಟ್ಟು ಇನ್ಸುಲಿನ್ ಪಂಪಿಗೆ ಹೋಗುವವರಿಗೆ

16 ವರ್ಷ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಂಡು, ಆಮೇಲೆ ಪಂಪಿಗೆ ಬಂದವಳು ನಾನು. ಟೈಪ್ 1 ಡಯಾಬಿಟಿಸ್. ಮನೆ ಧಾರವಾಡ, ಕೆಲಸ ಹುಬ್ಬಳ್ಳಿ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಗದಗ, ಹಾವೇರಿ ಕಡೆಯಿಂದ ಮಕ್ಕಳನ್ನು ಹುಬ್ಬಳ್ಳಿಗೆ ತೋರಿಸಲು ಕರೆತರುವ ತಂದೆ-ತಾಯಿ ಡಾಕ್ಟರ್ ರೂಮಿನ ಹೊರಗೆ ನನ್ನ ಸೊಂಟದ ಪಂಪು ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: ಇದನ್ನು ಹಾಕಿಸಿದರೆ ಎಲ್ಲ ತಾನೇ ಆಗುತ್ತದಾ? ಆಗುವುದಿಲ್ಲ. ಮೈಗೆ ಅಂಟಿಸಿದ ಶುಗರ್ ಸೆನ್ಸರ್ ನೋಡಿ ತಾನೇ ಡೋಸ್ ಏರಿಳಿಸುವ ಹೊಸ ಪಂಪಿಗೂ ಊಟದ ಲೆಕ್ಕ ನಾವೇ ಹೇಳಬೇಕು.

ಮೊದಲು ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿಕೊಳ್ಳಿ. ಸೂಜಿಯ ಕಾಲದಲ್ಲಿ ರಾತ್ರಿ ತೆಗೆದುಕೊಂಡ ಲಾಂಗ್ ಆ್ಯಕ್ಟಿಂಗ್ ಇನ್ಸುಲಿನ್ ಮರುದಿನದವರೆಗೂ ಮೈಯಲ್ಲಿ ಇರುತ್ತಿತ್ತು. ಒಂದು ಊಟದ ಡೋಸ್ ತಪ್ಪಿದರೂ ಅದು ಕಾಯುತ್ತಿತ್ತು. ಪಂಪಿನಲ್ಲಿ ಅದಿಲ್ಲ. ತುಂಬುವುದು ಲಿಸ್ಪ್ರೊ, ಆಸ್ಪಾರ್ಟ್ ತರಹದ, ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ಅದನ್ನೇ ಪಂಪು 24 ತಾಸೂ ಸ್ವಲ್ಪ ಸ್ವಲ್ಪ ಬಿಡುತ್ತದೆ, ಇದು ಬೇಸಲ್. ಊಟಕ್ಕೆ ನೀವು ಗುಂಡಿ ಒತ್ತಿ ಕೊಡುವುದು ಬೋಲಸ್. ನಳಿಕೆ ಮಡಚಿತು, ಚರ್ಮದೊಳಗಿನ ಕೊಳವೆ ಕಿತ್ತು ಬಂತು ಅಂದರೆ ಕೆಲವೇ ತಾಸಿನಲ್ಲಿ ಮೈಯಲ್ಲಿ ಇನ್ಸುಲಿನ್ ಖಾಲಿ. ಶುಗರ್ ಏರುತ್ತದೆ, ಇನ್ಸುಲಿನ್ ಇಲ್ಲದೆ ಮೈ ಕೊಬ್ಬು ಕರಗಿಸಿದಾಗ ಬರುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಕೂಡುತ್ತದೆ.

ನನಗೆ ಇದು ಅರ್ಥವಾಗಿದ್ದು ಹಾವೇರಿಯಲ್ಲಿ, ಕಾಕಾನ ಮಗಳ ಮದುವೆಯಲ್ಲಿ. ಸೀರೆ ಬಿಗಿಯಾಗಿ ಉಟ್ಟಿದ್ದೆ, ಕೊಳವೆ ಒಳಗೇ ಮಡಚಿತ್ತು, ಅಲಾರಂ ಆಗಲಿಲ್ಲ. ಸಂಜೆ ಬಾಯಿ ಒಣಗಿತು, ಹೊಟ್ಟೆ ತೊಳಸಿತು, ಹೋಳಿಗೆ ಜಾಸ್ತಿ ಆಯಿತೇನೋ ಅಂದುಕೊಂಡೆ. ನೋಡಿದರೆ ಶುಗರ್ 386. ಪಂಪಿನಿಂದಲೇ ಎರಡು ಸಲ ಡೋಸ್ ಕೊಟ್ಟೆ, ಅದು ಮೈಗೆ ಸೇರಲೇ ಇಲ್ಲ. ಇನ್ಸುಲಿನ್ ಪೆನ್ ಮನೆಯಲ್ಲಿ ಉಳಿದಿತ್ತು. ವೈನಿ ಮತ್ತು ಅಣ್ಣ ರಾತ್ರಿ ಮೆಡಿಕಲ್ ಶಾಪ್ ಹುಡುಕಿಕೊಂಡು ಹೋಗಿ ಇನ್ಸುಲಿನ್, ಸಿರಿಂಜ್ ತರುವವರೆಗೆ ನಾನು ವಾಂತಿ ಮಾಡುತ್ತಾ ಕೂತಿದ್ದೆ. ಅದಕ್ಕೇ ಹೇಳುತ್ತೇನೆ, ಪಂಪು ಬಂತು ಅಂತ ಸೂಜಿ ಬಿಸಾಡಬೇಡಿ.

ಶುಗರ್ 250 ದಾಟಿದರೆ ಕೀಟೋನ್ ನೋಡಿ. ಮೂತ್ರದಲ್ಲಿ ನೋಡುವ ಪಟ್ಟಿ ಸಿಗುತ್ತದೆ. ಪಂಪಿನಿಂದ ಒಂದು ಡೋಸ್ ಕೊಟ್ಟು ಒಂದೆರಡು ತಾಸಿನಲ್ಲಿ ಇಳಿಯದಿದ್ದರೆ, ಅಥವಾ ಕೀಟೋನ್ ಕಂಡರೆ, ಪಂಪಿನ ಮಾತು ನಂಬಬೇಡಿ. ಡಾಕ್ಟರ್ ಬರೆದುಕೊಟ್ಟ ಡೋಸನ್ನು ಪೆನ್ನಿನಲ್ಲಿ ಚುಚ್ಚಿ, ಸೆಟ್ (ನಳಿಕೆ, ಕೊಳವೆ) ಪೂರ್ತಿ ಬದಲಿಸಿ, ನೀರು ಕುಡಿಯಿರಿ. ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನು ಶುರು ಮಾಡುವ ದಿನದ ಮಾತು. ಸೆಟ್ಟಿಂಗ್ ಡಾಕ್ಟರೇ ಹಾಕುತ್ತಾರೆ, ಆದರೆ ಲೆಕ್ಕ ನಿಮಗೂ ತಿಳಿದಿರಲಿ. ಸೂಜಿಯಲ್ಲಿ ದಿನಕ್ಕೆ 40 ಯೂನಿಟ್ ಆಗುತ್ತಿತ್ತು ಅನ್ನಿ. ಪಂಪಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಸಾಕು, 32 ಅಂತಿಟ್ಟುಕೊಳ್ಳಿ. ಅದರ ಅರ್ಧ, 16, ಬೇಸಲ್‌ಗೆ. 24 ತಾಸಿಗೆ ಹಂಚಿದರೆ ತಾಸಿಗೆ 0.65ರ ಆಸುಪಾಸು. ಊಟದ ಡೋಸಿಗೆ ರೂಢಿಯ ಸೂತ್ರ: 500ನ್ನು ದಿನದ 32ರಿಂದ ಭಾಗಿಸಿದರೆ ಸುಮಾರು 16, ಅಂದರೆ ಸುಮಾರು 16 ಗ್ರಾಂ ಕಾರ್ಬಿಗೆ (ಅನ್ನ-ರೊಟ್ಟಿಯಲ್ಲಿರುವ ಕಾರ್ಬೋಹೈಡ್ರೇಟಿಗೆ) 1 ಯೂನಿಟ್. ಏರಿದ ಶುಗರ್ ಇಳಿಸುವ ಲೆಕ್ಕಕ್ಕೆ 1800ನ್ನು 32ರಿಂದ ಭಾಗಿಸಿದರೆ 56, ಅಂದರೆ 1 ಯೂನಿಟ್ಟಿಗೆ ಶುಗರ್ ಸುಮಾರು ಅಷ್ಟು ಇಳಿಯುತ್ತದೆ. ಇದು ಬರೀ ಆರಂಭ. ಮೊದಲ ಎರಡು ವಾರ ರಾತ್ರಿ 3ಕ್ಕೆ ಅಲಾರಂ ಇಟ್ಟು ನೋಡಲೇಬೇಕು, ನಿದ್ದೆ ಕೆಡುತ್ತದೆ, ಆದರೆ ರಾತ್ರಿಯ ಬೇಸಲ್ ಸರಿಯಾಗುವುದು ಆ 3 ಗಂಟೆಯ ನಂಬರಿನಿಂದಲೇ. ಕೊನೆಯ ಲಾಂಗ್ ಆ್ಯಕ್ಟಿಂಗ್ ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಕೇಳಿ. ಗ್ಲಾರ್ಜಿನ್ ಸುಮಾರು ಒಂದು ದಿನ ಉಳಿಯುತ್ತದೆ, ಡೆಗ್ಲುಡೆಕ್ ಅದಕ್ಕಿಂತ ಜಾಸ್ತಿ. ಅದು ಮುಗಿಯುವ ಮೊದಲೇ ಪಂಪು ಪೂರ್ತಿ ಬೇಸಲ್ ಬಿಡತೊಡಗಿದರೆ ಶುಗರ್ ಲೋ ಆಗುತ್ತದೆ.

ನಮ್ಮಲ್ಲಿ ಇನ್ನೊಂದು ಅಪಾಯ ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಬಹಳಷ್ಟು ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್ಟಿನವು. ಪಂಪಿಗೆ ಬೇಕಾದದ್ದು 100 ಯೂನಿಟ್ಟಿನದು. ಲೇಬಲ್ ಓದದೆ ತುಂಬಬೇಡಿ. ಸಿರಿಂಜಿಗೂ ಇದೇ ಮಾತು: ಕೆಂಪು ಮುಚ್ಚಳದ್ದು 40ರದು, ಕಿತ್ತಳೆ ಮುಚ್ಚಳದ್ದು 100ರದು. ಪಂಪಿನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಮನೆಯವರಿಗೆಲ್ಲ ಹೇಳಿ, ಬಾಕ್ಸಿನ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿಡಿ.

ಊಟದ ಲೆಕ್ಕ ಕಲಿಯಲು ಪುಸ್ತಕದ ಪಟ್ಟಿಗಿಂತ ಒಂದು ತಕ್ಕಡಿ ಒಳ್ಳೆಯದು, ಯಾಕಂದರೆ ನಮ್ಮವ್ವ ಬಡಿಯುವ ರೊಟ್ಟಿ ಖಾನಾವಳಿ ರೊಟ್ಟಿಗಿಂತ ದೊಡ್ಡದು, ಅಲ್ವಾ. ಜೋಳದ ಹಿಟ್ಟು 100 ಗ್ರಾಂ ಅಂದರೆ ಕಾರ್ಬ್ 70 ಗ್ರಾಂ ಆಸುಪಾಸು. ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹೋಯಿತು ಅಂತ ನಾಲ್ಕು ದಿನ ತೂಗಿ, ಆಮೇಲೆ ಕಣ್ಣಂದಾಜು ಬರುತ್ತದೆ. ಗಿರಮಿಟ್ ನನಗೆ ಬೇಗ ಏರುತ್ತದೆ, ತಿನ್ನುವ ಮೊದಲೇ ಬೋಲಸ್ ಕೊಡುತ್ತೇನೆ. ಮಿರ್ಚಿ ಬಜ್ಜಿ ಎಣ್ಣೆಯಿಂದಾಗಿ ತಡವಾಗಿ ಏರುತ್ತದೆ. ಇಂಥದ್ದಕ್ಕೆ ಡೋಸನ್ನು ಎರಡು ಭಾಗ ಮಾಡಿ, ಅರ್ಧ ಈಗ, ಅರ್ಧ ಎರಡು ತಾಸಿನಲ್ಲಿ ನಿಧಾನಕ್ಕೆ ಬಿಡುವ ಸೌಲಭ್ಯ ಪಂಪಿನಲ್ಲಿದೆ. ಸೂಜಿಯಲ್ಲಿ ಇದು ಇರಲಿಲ್ಲ. ನನಗೆ ಪಂಪು ಇಷ್ಟವಾಗಿದ್ದೇ ಇದಕ್ಕೆ. ಮೊದಲು ಕೊಟ್ಟ ಡೋಸ್ ಇನ್ನೂ ಕೆಲಸ ಮಾಡುತ್ತಿರುವಾಗ ಮತ್ತೆ ಮತ್ತೆ ಗುಂಡಿ ಒತ್ತಬೇಡಿ. 70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಗ್ಲುಕೋಸ್ ಪುಡಿ ಅಥವಾ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಪೇಡೆ ಇದಕ್ಕೆ ಸರಿಯಲ್ಲ, ಹಾಲಿನ ಕೊಬ್ಬಿನಿಂದ ನಿಧಾನ ಆಗುತ್ತದೆ.

ಸೆಟ್ ಎರಡು-ಮೂರು ದಿನಕ್ಕೊಮ್ಮೆ ಬದಲಿಸಬೇಕು. ಬೆಳಿಗ್ಗೆ ಬದಲಿಸಿ, ರಾತ್ರಿ ಮಲಗುವ ಮುಂಚೆ ಬೇಡ, ಎರಡು ತಾಸಿಗೆ ಶುಗರ್ ನೋಡಿದರೆ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹೊಕ್ಕುಳಿಂದ ಎರಡಿಂಚು ದೂರ, ಪ್ರತಿ ಸಲ ಬೇರೆ ಜಾಗ. ಫ್ರಿಜ್ಜಿನ ಇನ್ಸುಲಿನ್ ತಣ್ಣಗಿದ್ದಾಗಲೇ ತುಂಬಿದರೆ ಗುಳ್ಳೆ ಏಳುತ್ತವೆ, ಸ್ವಲ್ಪ ಹೊತ್ತು ಹೊರಗಿಡಿ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಪಂಪನ್ನು ಬಟ್ಟೆಯ ಒಳಗಿಡಿ, ಕಾರಿನಲ್ಲಿ ಬಿಡಬೇಡಿ. ಕರೆಂಟ್ ಹೋಗಿ ಫ್ರಿಜ್ ನಿಂತರೆ ಇನ್ಸುಲಿನ್ನನ್ನು ಡಬ್ಬಿಯಲ್ಲಿ ಹಾಕಿ ನೀರಿನ ಮಣ್ಣಿನ ಗಡಿಗೆಯಲ್ಲಿ ಇಟ್ಟರೆ ತಂಪಾಗಿರುತ್ತದೆ. ಸ್ನಾನಕ್ಕೆ ಬಿಚ್ಚಿಟ್ಟರೆ ತಾಸಿನೊಳಗೆ ಹಾಕಿಕೊಳ್ಳಿ. ಎಂಆರ್‌ಐಗೆ ಪಂಪು ರೂಮಿನ ಹೊರಗೇ ಇರಬೇಕು.

ದುಡ್ಡಿನ ಬಗ್ಗೆ: ಪಂಪಿನ ಬೆಲೆ ಮಾತ್ರ ಕೇಳಿ ಬರಬೇಡಿ. ತಿಂಗಳ ಸೆಟ್, ಇನ್ಸುಲಿನ್ ತುಂಬುವ ರಿಸರ್ವಾಯರ್, ಸೆನ್ಸರ್ ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ನಡುವೆ ನಿಲ್ಲಿಸಬೇಕಾದರೆ ಬಹಳ ಕಷ್ಟ.

ಈಗ ನನ್ನ ಪರ್ಸಿನಲ್ಲಿ ಯಾವಾಗಲೂ ಒಂದು ಚೀಲ ಇರುತ್ತದೆ: ಪೆನ್, ಸೂಜಿ, ಒಂದು ಸೆಟ್, ಬ್ಯಾಟರಿ, ಕೀಟೋನ್ ಪಟ್ಟಿ, ಗ್ಲುಕೋಸ್. ಜೊತೆಗೆ ಒಂದು ಚೀಟಿ. ಪಂಪು ಪೂರ್ತಿ ಕೆಟ್ಟರೆ ಲಾಂಗ್ ಆ್ಯಕ್ಟಿಂಗ್ ಎಷ್ಟು, ಊಟಕ್ಕೆ ಎಷ್ಟು ಅಂತ ಡಾಕ್ಟರ್ ಬರೆದದ್ದು. ಪಂಪಿನ ಸೆಟ್ಟಿಂಗಿನ ಫೋಟೋ ಅಣ್ಣನ ಮೊಬೈಲಿನಲ್ಲೂ ಇದೆ. ಸೆಟ್ಟಿಂಗ್ ಬದಲಾದಾಗಲೆಲ್ಲ ಚೀಟಿ ಹೊಸದು ಬರೆಸುತ್ತೇನೆ, ಹಳೆಯದನ್ನು ಅಲ್ಲೇ ಹರಿದು ಹಾಕುತ್ತೇನೆ.