ಪೋ ನದಿಯ ಸೇತುವೆ ಮುಚ್ಚಿದ್ದಾಗ ನಾವು ಜಿನೋವಾಕ್ಕೆ ಹೋದದ್ದು

ಉತ್ತರ ಇಟಲಿಯ ಪಾವಿಯಾ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಸಂಶೋಧನೆ ಮಾಡಿಕೊಂಡಿರುವ ನಾನು, 2025ರ ಆಗಸ್ಟ್‌ನಲ್ಲಿ ಹಾಸನದಿಂದ ಅಪ್ಪ, ಅಮ್ಮ ಬರುವುದು ನಿಶ್ಚಯವಾದಾಗ, ಜಿನೋವಾದ ಸಮುದ್ರ, ಫ್ಲಾರೆನ್ಸ್ ಮತ್ತು ರೋಮ್ ಮೂರನ್ನೂ ರೈಲಿನಲ್ಲೇ ತೋರಿಸಬೇಕೆಂದುಕೊಂಡೆ. ಪಾವಿಯಾದಿಂದ ಜಿನೋವಾಕ್ಕೆ ಸಾಮಾನ್ಯ ದಿನಗಳಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಆದರೆ ಜೂನ್‌ನಲ್ಲಿ ವೇಳಾಪಟ್ಟಿ ನೋಡಲು ಕುಳಿತಾಗ ಆಗಸ್ಟ್ ತಿಂಗಳಿಗೆ ಒಂದೇ ಒಂದು ನೇರ ರೈಲೂ ಕಾಣಲಿಲ್ಲ. ಮಿಲಾನ್–ಜಿನೋವಾ ಮಾರ್ಗವು ಪೋ ನದಿಯನ್ನು ದಾಟುವ ಬ್ರೆಸ್ಸಾನಾ ಸೇತುವೆಯ ಕಾಮಗಾರಿಗಾಗಿ ಪಾವಿಯಾ ಮತ್ತು ವೋಗೆರಾ ನಡುವಿನ ಸಂಚಾರವನ್ನು ಜುಲೈ 21ರಿಂದ ಆಗಸ್ಟ್ ಕೊನೆಯವರೆಗೆ ಪೂರ್ತಿ ನಿಲ್ಲಿಸಲಾಗಿತ್ತು.

ಪ್ರವಾಸಿಗರು ತುಂಬಿರುವ ತಿಂಗಳಲ್ಲೇ ಹಳಿ ಮುಚ್ಚುವುದೇಕೆ ಎಂದು ಹೊಸಬರಿಗೆ ಅನ್ನಿಸುತ್ತದೆ. ಇಲ್ಲಿನ ಶಾಲೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಜೆ; ಆಗಸ್ಟ್ 15ರ ಫೆರಾಗೊಸ್ತೊ ಹಬ್ಬದ ಆಸುಪಾಸಿನಲ್ಲಿ ಕಾರ್ಖಾನೆ, ಕಚೇರಿ, ಅಂಗಡಿಗಳೂ ಬಾಗಿಲು ಹಾಕುವುದರಿಂದ ದಿನವೂ ಕೆಲಸಕ್ಕೆ ಓಡಾಡುವವರು ಆ ಕೆಲವು ವಾರಗಳಲ್ಲಿ ರೈಲು ಹತ್ತುವುದಿಲ್ಲ. ಇದರ ಜೊತೆಗೆ, ಕೋವಿಡ್ ನಂತರ ಐರೋಪ್ಯ ಒಕ್ಕೂಟ ಕೊಟ್ಟ ಚೇತರಿಕೆ ನಿಧಿಯ ಕಾಮಗಾರಿಗಳನ್ನು 2026ರೊಳಗೆ ಮುಗಿಸಿ ತೋರಿಸಬೇಕಾದ ಒತ್ತಡವಿದ್ದುದರಿಂದ ಆ ಬೇಸಿಗೆಯಲ್ಲಿ ದೇಶದ ಹಲವು ಕಡೆ ಏಕಕಾಲಕ್ಕೆ ಕೆಲಸ ನಡೆಯುತ್ತಿತ್ತು.

ನಾನು ಮೊದಲು ಮಾಡಿದ ಕೆಲಸವೆಂದರೆ ಊರುಗಳ ಪಟ್ಟಿಯನ್ನು ಬದಿಗಿಟ್ಟು, ರೈಲು ಮಾರ್ಗದ ನಕ್ಷೆಯೊಂದನ್ನು ದೊಡ್ಡದಾಗಿ ಮುದ್ರಿಸಿ, ಹಳಿಗಳ ನಿರ್ವಹಣೆ ನೋಡಿಕೊಳ್ಳುವ ಸಂಸ್ಥೆಯಾದ ಆರ್‌ಎಫ್‌ಐ ಪ್ರಕಟಿಸಿದ್ದ ಕಾಮಗಾರಿಗಳನ್ನು ದಿನಾಂಕದ ಸಮೇತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದು. ಹಾಗೆ ಗುರುತು ಹಾಕುವಾಗ ಒಂದು ವ್ಯತ್ಯಾಸ ತಿಳಿಯಿತು. ಮುಚ್ಚಿದ ಮಾರ್ಗಗಳೆಲ್ಲ ಒಂದೇ ತರಹದವಲ್ಲ. ಫ್ಲಾರೆನ್ಸ್–ರೋಮ್ ನಡುವೆ, ಹಂತಹಂತವಾಗಿ ಕಟ್ಟಿ 1992ರಲ್ಲಿ ಪೂರ್ಣಗೊಳಿಸಿದ ವೇಗದ ಮಾರ್ಗವಿದೆ. ಅದರ ಪಕ್ಕದಲ್ಲೇ ಅರೆತ್ಸೊ, ಕಿಯೂಸಿ, ಒರ್ವಿಯೆತೊ ಊರುಗಳ ಮೂಲಕ ಹಳೆಯ ಮಾರ್ಗವೂ ಹೋಗುತ್ತದೆ, ಎರಡಕ್ಕೂ ಅಲ್ಲಲ್ಲಿ ಜೋಡಣೆಯಿದೆ. ಅಲ್ಲಿ ವೇಗದ ಹಳಿಯಲ್ಲಿ ಕೆಲಸ ನಡೆದರೆ ರೈಲುಗಳು ಹಳೆಯ ಹಳಿಗೆ ಇಳಿದು ನಿಧಾನವಾಗಿಯಾದರೂ ಬಂದು ಸೇರುತ್ತವೆ. ಆದರೆ ನದಿಯ ಸೇತುವೆಗೆ ಪಕ್ಕದ ಹಳಿ ಎಂಬುದಿಲ್ಲ. ಬ್ರೆಸ್ಸಾನಾ ಬಿಟ್ಟರೆ ಪೋ ನದಿಯನ್ನು ರೈಲಿನಲ್ಲಿ ದಾಟಲು ಪಶ್ಚಿಮಕ್ಕೆ ವಲೆನ್ಸಾ ಅಥವಾ ಪೂರ್ವಕ್ಕೆ ಪಿಯಾಚೆನ್ಸಾ ಕಡೆಗೇ ಸುತ್ತಬೇಕು. ತಡವಾಗುವ ಕಡೆ ಹೆಚ್ಚು ಸಮಯ ಇಟ್ಟುಕೊಂಡರೆ ಸಾಕು, ಕಡಿದುಹೋದ ಕಡೆ ದಾರಿಯನ್ನೇ ಬದಲಿಸಬೇಕು. ನನ್ನ ಯೋಜನೆಯೆಲ್ಲ ಇದರ ಮೇಲೆಯೇ ನಿಂತಿತು.

ಜಿನೋವಾಕ್ಕೆ ನನ್ನ ಮುಂದೆ ಎರಡು ಆಯ್ಕೆಗಳಿದ್ದವು. ಒಂದು, ಪಾವಿಯಾದಿಂದ ವೋಗೆರಾವರೆಗೆ ಬದಲಿ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯುವುದು. ಇನ್ನೊಂದು, ಉತ್ತರಕ್ಕೆ ಮಿಲಾನ್‌ಗೆ ಹೋಗಿ, ಬೇರೆ ಮಾರ್ಗದಲ್ಲಿ ಸುತ್ತಿಸಿ ಓಡಿಸುತ್ತಿದ್ದ ಇಂಟರ್‌ಸಿಟಿ ರೈಲು ಹತ್ತುವುದು. ಲೆಕ್ಕಕ್ಕೆ ಮೊದಲನೆಯದೇ ಬೇಗ ತಲುಪಿಸುವಂತೆ ಕಾಣುತ್ತಿತ್ತು. ಅಮ್ಮನಿಗೆ ಮಂಡಿನೋವು ಇರುವುದರಿಂದ, ಲೆಕ್ಕವನ್ನು ನಂಬದೆ ಜುಲೈ ಕೊನೆಯ ಒಂದು ಶನಿವಾರ ನಾನೊಬ್ಬಳೇ ಆ ಬಸ್ಸಿನಲ್ಲಿ ಹೋಗಿ ನೋಡಿದೆ.

ನಿಲ್ದಾಣದ ಕಂಬಕ್ಕೆ ಅಂಟಿಸಿದ್ದ ಕಾಗದವೊಂದರಲ್ಲಿ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಬಾಣದ ಗುರುತು ಹಾಕಿದ್ದರು. ನೆರಳಿಲ್ಲದ ಬಿಸಿಲಿನಲ್ಲಿ ಜನ ಸೂಟ್‌ಕೇಸುಗಳ ಮೇಲೆ ಕುಳಿತು ಕಾಯುತ್ತಿದ್ದರು. ಸೈಕಲ್ ತಂದಿದ್ದ ಹುಡುಗನೊಬ್ಬನನ್ನು ಚಾಲಕ ಹತ್ತಿಸಿಕೊಳ್ಳಲಿಲ್ಲ. ಬದಲಿ ಬಸ್ಸುಗಳಲ್ಲಿ ಸಾಮಾನ್ಯವಾಗಿ ಸೈಕಲ್‌ಗೆ ಅವಕಾಶವಿಲ್ಲವೆಂಬುದು ಅವನಿಗೆ ತಿಳಿದಿರಲಿಲ್ಲ. ಬಸ್ಸಿನ ಮೆಟ್ಟಿಲುಗಳು ಎತ್ತರವಾಗಿದ್ದವು, ಸಾಮಾನನ್ನು ಹೊಟ್ಟೆಯ ಭಾಗಕ್ಕೆ ನಾವೇ ಬಗ್ಗಿ ತಳ್ಳಬೇಕಿತ್ತು. ರಸ್ತೆಯಲ್ಲಿ ವಾಹನಗಳು ಕಿಕ್ಕಿರಿದಿದ್ದರಿಂದ ಬಸ್ ತಡವಾಯಿತು, ವೋಗೆರಾ ತಲುಪುವಷ್ಟರಲ್ಲಿ ನನ್ನ ಮುಂದಿನ ರೈಲು ಹೊರಟುಹೋಗಿತ್ತು. ನಿಲ್ದಾಣದ ಬೆಂಚಿನ ಮೇಲೆ ಮುಂದಿನ ರೈಲಿಗೆ ಕಾಯುತ್ತ, ಅಪ್ಪ, ಅಮ್ಮನನ್ನು ಈ ದಾರಿಯಲ್ಲಿ ಕರೆತರಬಾರದೆಂದು ತೀರ್ಮಾನಿಸಿದೆ. ವಯಸ್ಸಾದವರ ಜೊತೆ ಹೊರಟಾಗ ಒಟ್ಟು ಸಮಯಕ್ಕಿಂತ ಎಷ್ಟು ಸಲ ಹತ್ತಿ ಇಳಿಯಬೇಕು ಎಂಬುದೇ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

“ಜಿನೋವಾ ಇರೋದು ದಕ್ಷಿಣಕ್ಕೆ ಅಂತೀಯ, ಮತ್ತೆ ಉತ್ತರಕ್ಕೆ ಯಾಕಮ್ಮ ಹೋಗೋದು?” ಎಂದು ಅಪ್ಪ ಕೇಳಿದರು. ನಕ್ಷೆ ತೋರಿಸಿದೆ. ಆ ವರ್ಷ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವೆ ವಿದ್ಯುದೀಕರಣ ಕಾಮಗಾರಿಗಾಗಿ ಹಗಲಿನ ರೈಲುಗಳನ್ನು ನಿಲ್ಲಿಸಿದ್ದುದು ಅವರಿಗೆ ಚೆನ್ನಾಗಿ ಗೊತ್ತಿತ್ತು. “ಘಾಟಿ ಬಂದ್ ಆದ ಹಾಗೆ” ಎಂದು ತಾವೇ ಅರ್ಥ ಮಾಡಿಕೊಂಡರು.

ಟಿಕೆಟ್ ಕೊಳ್ಳುವಾಗ ಎರಡು ವಿಷಯಗಳನ್ನು ಗಮನದಲ್ಲಿಟ್ಟುಕೊಂಡೆ. ಪಾವಿಯಾ–ಮಿಲಾನ್ ಮತ್ತು ಮಿಲಾನ್–ಜಿನೋವಾ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಳ್ಳದೆ ಒಂದೇ ಸಲ ಒಂದೇ ಪ್ರಯಾಣವಾಗಿ ಕೊಂಡೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ರೈಲಿನಲ್ಲಿ ಹೋಗುವ ಹಕ್ಕನ್ನು ಕೇಳಲು ಇದರಿಂದ ಅನುಕೂಲ. ಜೊತೆಗೆ, ಅತಿ ಅಗ್ಗದ ದರದ ಟಿಕೆಟ್‌ಗಳನ್ನು ಬದಲಿಸಲಾಗದಿರುವುದರಿಂದ ಅವನ್ನು ಬಿಟ್ಟು, ಕೆಲವು ಯೂರೊ ಹೆಚ್ಚಾದರೂ ಬದಲಿಸಬಹುದಾದ ‘ಬಾಜೆ’ (ಮೂಲ) ದರದ ಟಿಕೆಟ್ ತೆಗೆದುಕೊಂಡೆ. ಐರೋಪ್ಯ ನಿಯಮದ ಪ್ರಕಾರ ರೈಲು ಒಂದು ಗಂಟೆಗಿಂತ ತಡವಾದರೆ ಟಿಕೆಟ್ ಬೆಲೆಯ ಶೇ. 25, ಎರಡು ಗಂಟೆ ಮೀರಿದರೆ ಶೇ. 50 ಪರಿಹಾರ ಸಿಗುತ್ತದೆ. ಆದರೆ ಕಾಮಗಾರಿಯ ಕಾರಣಕ್ಕೆ ವೇಳಾಪಟ್ಟಿಯಲ್ಲೇ ಸೇರಿಸಿರುವ ಹೆಚ್ಚಿನ ಸಮಯವು ತಡವೆಂದು ಲೆಕ್ಕಕ್ಕೆ ಬರುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ತಿಳಿಸಿದ್ದ ವಿಳಂಬಕ್ಕೂ ಪರಿಹಾರವಿಲ್ಲ. ಹಣ ವಾಪಸು ಬರುತ್ತದೆಂದು ನಂಬಿ ಯಾರೂ ಯೋಜನೆ ಮಾಡಬಾರದು.

ಹೊರಡುವ ಹಿಂದಿನ ರಾತ್ರಿ ರೈಲಿನ ಸಂಖ್ಯೆ ಹಾಕಿ ಹೊರಡುವ ಸಮಯವನ್ನು ಮತ್ತೊಮ್ಮೆ ನೋಡಿದೆ, ಬೆಳಿಗ್ಗೆ ರೈಲುಗಳ ಆ ಕ್ಷಣದ ಸ್ಥಿತಿ ತೋರಿಸುವ ‘ವಿಯಾಜ್ಜಾತ್ರೇನೊ’ ಜಾಲತಾಣದಲ್ಲಿ ಅದು ನಿಜವಾಗಿ ಓಡುತ್ತಿದೆಯೇ ಎಂದು ಖಚಿತಪಡಿಸಿಕೊಂಡೆ. ನಿಲ್ದಾಣದಲ್ಲಿ ಅಂಟಿಸಿರುವ ವೇಳಾಪಟ್ಟಿಗಳಲ್ಲಿ ಹಳದಿ ಹಾಳೆ ಹೊರಡುವ ರೈಲುಗಳದ್ದು, ಬಿಳಿಯದು ಬರುವವುಗಳದ್ದು. ಅದರಲ್ಲಿ ಒಂದರ ಮೇಲೊಂದು ಅಡ್ಡವಾಗಿಟ್ಟ ಎರಡು ಸುತ್ತಿಗೆಗಳ ಗುರುತಿದ್ದರೆ ಆ ರೈಲು ಕೆಲಸದ ದಿನ ಮಾತ್ರ ಓಡುತ್ತದೆ. ಕಾಮಗಾರಿಯ ತಿಂಗಳಲ್ಲಿ ಆ ಹಾಳೆಯೊಂದನ್ನೇ ನಂಬುವುದು ಕ್ಷೇಮವಲ್ಲ, ಪ್ಲಾಟ್‌ಫಾರಂ ಸಂಖ್ಯೆಗೆ ಮೇಲಿನ ವಿದ್ಯುತ್ ಫಲಕವನ್ನೇ ನೋಡಬೇಕು.

ಇಂಟರ್‌ಸಿಟಿ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಅಮ್ಮ ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತು, ಡಬ್ಬಿಯಲ್ಲಿದ್ದ ಚಿತ್ರಾನ್ನ ಹಂಚಿದರು. ಗುಡ್ಡಗಳ ಸುರಂಗಗಳು ಒಂದೊಂದಾಗಿ ಮುಗಿದು ಜಿನೋವಾದ ಮನೆಗಳು ಕಾಣತೊಡಗಿದಾಗ ಅಪ್ಪ ಎದ್ದು ಬಾಗಿಲ ಬಳಿ ಹೋಗಿ ನಿಂತರು.

ಅಲ್ಲಿಂದ ಮುಂದಿನದು ಸರಾಗವಾಗಿತ್ತು. ಕರಾವಳಿಯ ಹಳಿಯಲ್ಲೇ ಲಾ ಸ್ಪೆತ್ಸಿಯಾ, ಪೀಸಾ ದಾಟಿ ಫ್ಲಾರೆನ್ಸ್ ಸೇರಿದೆವು. ರೈಲು ತಡವಾಗಬಹುದೆಂದು ರೋಮ್‌ಗೆ ಹೋಗುವ ದಿನ ಸಂಜೆಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಲಿಲ್ಲ. ಮಿಲಾನ್–ಬೊಲೋನ್ಯಾ ವೇಗದ ಮಾರ್ಗದಲ್ಲೂ ಫೆರಾಗೊಸ್ತೊ ವಾರದಲ್ಲಿ ಕೆಲಸವಿದ್ದುದರಿಂದ, ಆ ವಾರವನ್ನು ರೋಮ್‌ನಲ್ಲೇ ಕಳೆದು, ವಾರ ಮುಗಿದ ಮೇಲೆ ಮಿಲಾನ್‌ಗೆ ಮರಳುವಂತೆ ಮೊದಲೇ ಟಿಕೆಟ್ ಮಾಡಿಸಿದ್ದೆ.